ಕಾಣದ ಲೋಹಕಣವೂ ಕೆರೆಯ ಕಪ್ಪೆಚಿಪ್ಪಿನ ಸಂತಾನವೂ

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ನಾಡಿನ ಜನರ ಕಣ್ಣಮುಂದೆ ಸುಳಿಯುವುದು ಹೆಬ್ಬಂಡೆಗಳ ಗುಡ್ಡ, ಕುರುಚಲು ಕಾವಲು, ಶೇಂಗಾದ ಹೊಲ, ಕುರಿಯ ಹಿಂಡು, ಕಂಬಳಿ ಮತ್ತು ರೇಷ್ಮೆಯ ಮಗ್ಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಿಲ್ಲುವ ಈ ಸೀಮೆಯಲ್ಲಿ ಚಿಪ್ಪುಜೀವಿಗಳ ಮಾತೆತ್ತುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಕಡಲು ಇಲ್ಲಿಂದ ನೂರಾರು ಮೈಲಿ ದೂರ. ಆದರೆ ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳದಲ್ಲಿ ಓಡಾಡಿದವರಿಗೆ ಇದು ವಿಚಿತ್ರವೆನಿಸದು. ಬಿರುಕುಬಿಟ್ಟ ಕೆಸರಿನಲ್ಲಿ ಅರ್ಧ ಹೂತುಹೋಗಿ, ಒಳಮೈ ಮುತ್ತಿನಂತೆ ಹೊಳೆಯುವ ಕಪ್ಪೆಚಿಪ್ಪುಗಳನ್ನು ಹೆಕ್ಕಿ ಆಡದ ಹಳ್ಳಿಯ ಮಕ್ಕಳು ವಿರಳ. ಸ್ವಾತಿ ಮಳೆಯ ಹನಿಯೊಂದು ಚಿಪ್ಪಿನ ಬಾಯಿಗೆ ಬಿದ್ದು ಮುತ್ತಾಗುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಆ ಮಾತು ವಿಜ್ಞಾನವಲ್ಲವಾದರೂ ಅದರಲ್ಲೊಂದು ಸತ್ಯ ಅಡಗಿದೆ. ನೀರಿನಲ್ಲಿ ಏನು ಬಂದರೂ ಅದನ್ನು ಮೊದಲು ಒಳಗೆ ತೆಗೆದುಕೊಳ್ಳುವ ಜೀವಿ ಚಿಪ್ಪು.

ಇಂದು ನೀರಿನೊಡನೆ ಬರುತ್ತಿರುವ ಹೊಸ ಅತಿಥಿಗಳಲ್ಲಿ ಒಂದು, ಕಣ್ಣಿಗೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದ ಲೋಹದ ಕಣ. ಇದನ್ನು ನ್ಯಾನೋ ಕಣವೆಂದು ಕರೆಯುತ್ತಾರೆ. ಇದು ಚಿಪ್ಪುಜೀವಿಯನ್ನು ಕೊಲ್ಲದೆಯೇ ಅದರ ವಂಶವನ್ನು ಮಾತ್ರ ಹೇಗೆ ನಿಲ್ಲಿಸಬಲ್ಲದು, ಆ ವಿಷಯ ಕಡಲಿಲ್ಲದ ನಮ್ಮ ಸೀಮೆಗೆ ಏಕೆ ಸಂಬಂಧಿಸಿದ್ದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕೆರೆಯೊಳಗಿನ ಸೋಸುವ ಬಟ್ಟೆ

ನಮ್ಮ ಕೆರೆ ಹಳ್ಳಗಳಲ್ಲಿ ಸಾಮಾನ್ಯವಾಗಿ ಕಾಣುವ ಎರಡು ಬಾಗಿಲಿನ ಕಪ್ಪೆಚಿಪ್ಪಿಗೆ ಪ್ರಾಣಿಶಾಸ್ತ್ರದಲ್ಲಿ ಲ್ಯಾಮೆಲಿಡೆನ್ಸ್ ಮಾರ್ಜಿನಾಲಿಸ್ ಎಂದು ಹೆಸರು. ಇದು ಭಾರತದ ಬಹುತೇಕ ಸಿಹಿನೀರಿನ ನೆಲೆಗಳಲ್ಲಿ ವಾಸಿಸುತ್ತದೆ. ಇದರ ನೆರೆಯಲ್ಲಿಯೇ ಇರುವ ಸೇಬಿನ ಆಕಾರದ ದೊಡ್ಡ ಬಸವನಹುಳು ಪೈಲಾ ಗ್ಲೋಬೋಸ. ಕೆರೆ ಬತ್ತಿದಾಗ ಬಸವನಹುಳು ತನ್ನ ಬಾಗಿಲನ್ನು ಬಿಗಿಯಾಗಿ ಮುಚ್ಚಿಕೊಂಡು ಕೆಸರಿನೊಳಗೆ ತಿಂಗಳುಗಟ್ಟಲೆ ನಿದ್ರಿಸಿ, ಮಳೆ ಬಂದೊಡನೆ ಎಚ್ಚರಗೊಳ್ಳುವುದು. ಬರಗಾಲವನ್ನು ಸಹಿಸುವ ವಿದ್ಯೆಯನ್ನು ಈ ಸೀಮೆಯ ಮನುಷ್ಯನಂತೆ ಈ ಜೀವಿಯೂ ಕಲಿತಿದೆ.

ಕಪ್ಪೆಚಿಪ್ಪಿಗೆ ತಲೆಯಿಲ್ಲ, ಹಲ್ಲಿಲ್ಲ, ಬೇಟೆಯಾಡುವ ಶಕ್ತಿಯಿಲ್ಲ. ಕೆಸರಿನಲ್ಲಿ ಅರ್ಧ ಹೂತು ಕುಳಿತು, ಒಂದು ರಂಧ್ರದಿಂದ ನೀರನ್ನು ಒಳಗೆ ಸೆಳೆದು, ಕಿವಿರುಗಳ ಜಾಲರಿಯಲ್ಲಿ ಸೋಸಿ, ಪಾಚಿಯ ಕಣಗಳನ್ನು ಬಾಯಿಗೆ ಸಾಗಿಸಿ, ಉಳಿದ ನೀರನ್ನು ಇನ್ನೊಂದು ರಂಧ್ರದಿಂದ ಹೊರಬಿಡುತ್ತದೆ. ಬಲಿತ ಚಿಪ್ಪೊಂದು ಗಂಟೆಗೆ ಒಂದು ಲೀಟರಿನಷ್ಟೋ ಅದಕ್ಕಿಂತ ಹೆಚ್ಚೋ ನೀರನ್ನು ಹೀಗೆ ಸೋಸಬಲ್ಲದು. ಸಾವಿರಾರು ಚಿಪ್ಪುಗಳಿರುವ ಕೆರೆಯಲ್ಲಿ ನೀರು ಮತ್ತೆ ಮತ್ತೆ ಈ ಜಾಲರಿಯ ಮೂಲಕ ಹಾದುಹೋಗುತ್ತದೆ. ಚಿಪ್ಪಿನ ಮಾಂಸವನ್ನು ತಿನ್ನುವವರ ಮಾತು ಬೇರೆ. ತಿನ್ನದವರಿಗೂ ಅದು ಸಂಬಳ ಕೇಳದ ಸೇವಕ.

ಇದರ ಸಂತಾನಕ್ರಮ ಇನ್ನೂ ಕುತೂಹಲಕರವಾದುದು. ಗಂಡು ಚಿಪ್ಪು ವೀರ್ಯಾಣುಗಳನ್ನು ನೇರವಾಗಿ ನೀರಿಗೆ ಬಿಡುತ್ತದೆ. ಹೆಣ್ಣು ಚಿಪ್ಪು ಉಸಿರಾಟದ ನೀರಿನೊಡನೆ ಅವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಅದರ ಕಿವಿರುಗಳೇ ಗರ್ಭದ ಚೀಲವಾಗಿ ಮಾರ್ಪಟ್ಟು ಭ್ರೂಣಗಳು ಅಲ್ಲಿ ಬೆಳೆಯುತ್ತವೆ. ಬಳಿಕ ಹೊರಬರುವ ಅತಿ ಚಿಕ್ಕ ಮರಿಗೆ ಗ್ಲೋಕಿಡಿಯಂ ಎಂಬ ಹೆಸರುಂಟು. ಈ ಮರಿ ಯಾವುದಾದರೊಂದು ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲಕಾಲ ಅಲ್ಲಿಯೇ ಬಾಳಿ, ಪುಟ್ಟ ಚಿಪ್ಪಾಗಿ ಕೆಸರಿಗೆ ಉದುರುತ್ತದೆ. ಅಂದರೆ ಒಂದು ಚಿಪ್ಪು ಹುಟ್ಟಬೇಕಾದರೆ ನೀರಿನಲ್ಲಿ ಈಜುವ ವೀರ್ಯಾಣು, ತಾಯಿಯ ಕಿವಿರು, ಮೀನಿನ ಮೈ, ಕೆರೆಯ ಕೆಸರು ಎಂಬ ನಾಲ್ಕು ಮೆಟ್ಟಿಲುಗಳೂ ಸುರಕ್ಷಿತವಾಗಿರಬೇಕು. ನಾಲ್ಕರಲ್ಲಿ ಒಂದು ಕೆಟ್ಟರೂ ವಂಶ ನಿಲ್ಲುತ್ತದೆ. ಆದರೆ ಬಲಿತ ಚಿಪ್ಪುಗಳು ವರ್ಷಗಳ ಕಾಲ ಬದುಕಿಯೇ ಇರುತ್ತವೆ. ಈ ಅಂಶವನ್ನು ಓದುಗರು ವಿಶೇಷವಾಗಿ ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಒಂದು ಸಕ್ಕರೆ ಅಚ್ಚೂ ಆರು ಗುಂಟೆ ಜಮೀನೂ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ದೊರೆಯುವ ಒಂದು ಭಾಗವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೋಮೀಟರ್. ಸಾಮಾನ್ಯವಾಗಿ ೧ರಿಂದ ೧೦೦ ನ್ಯಾನೋಮೀಟರ್ ಅಳತೆಯೊಳಗಿನ ಕಣಗಳನ್ನು ನ್ಯಾನೋ ಕಣಗಳೆನ್ನುವುದು ರೂಢಿ. ಇವು ಹೊಸ ಧಾತುಗಳಲ್ಲ. ಬೆಳ್ಳಿ, ತಾಮ್ರ, ಸತು, ಕಬ್ಬಿಣ, ಟೈಟಾನಿಯಂ ಮೊದಲಾದ ಹಳೆಯ ಲೋಹಗಳೂ ಅವುಗಳ ಆಕ್ಸೈಡುಗಳೂ ಹೊಸ ಅಳತೆಗೆ ಇಳಿದಿವೆ, ಅಷ್ಟೆ. ಆದರೆ ಅಳತೆ ಬದಲಾದೊಡನೆ ನಡತೆಯೂ ಬದಲಾಗುತ್ತದೆ.

ಇದರ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಕ್ಕರೆ ಅಚ್ಚಿನಂತೆ ಪ್ರತಿ ಬದಿಯೂ ಒಂದು ಸೆಂಟಿಮೀಟರ್ ಇರುವ ಬೆಳ್ಳಿಯ ಘನವೊಂದಿದೆಯೆಂದು ಭಾವಿಸೋಣ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ ೬ ಚದರ ಸೆಂಟಿಮೀಟರ್. ಅದೇ ಬೆಳ್ಳಿಯನ್ನು ಪ್ರತಿ ಬದಿಯೂ ೧೦ ನ್ಯಾನೋಮೀಟರ್ ಇರುವ ಘನಗಳಾಗಿ ಕತ್ತರಿಸಿದರೆ ಎಲ್ಲ ಮುಖಗಳ ಮೊತ್ತ ೬೦೦ ಚದರ ಮೀಟರ್, ಅಂದರೆ ಸುಮಾರು ಆರು ಗುಂಟೆ ಆಗುತ್ತದೆ. ತೂಕದಲ್ಲಿ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ನೀರಿಗೆ ತಾಕುವ ಮೈ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಿತು. ರಾಸಾಯನಿಕ ಕ್ರಿಯೆಗಳೆಲ್ಲ ನಡೆಯುವುದು ಮೈಮೇಲೆಯೇ ಆದುದರಿಂದ ಸೌಮ್ಯವಾಗಿದ್ದ ಲೋಹ ಚುರುಕಾಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿನಲ್ಲಿ ಹೊಳೆಯುವ ಅಸಲಿ ಜರಿಯೂ ಬೆಳ್ಳಿಯದೇ. ಆದರೆ ಅದು ಎಳೆಯಾಗಿ ಎಳೆದ ಇಡೀ ಬೆಳ್ಳಿ; ನ್ಯಾನೋ ಕಣವಲ್ಲ. ತಲೆಮಾರುಗಳಿಂದ ನೇಯ್ದು ಉಟ್ಟು ಬಂದ ಈ ಬೆಳ್ಳಿಯನ್ನು ನಾವು ಹೇಳುತ್ತಿರುವ ಕಣದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಹಳೆಯ ಜರಿಯು ನಮಗೊಂದು ಪಾಠ ಹೇಳುತ್ತದೆ. ಪೆಟ್ಟಿಗೆಯಲ್ಲಿಟ್ಟ ಬೆಳ್ಳಿ ವರ್ಷಗಳು ಕಳೆದಂತೆ ಕಪ್ಪಾಗುವುದು ಗಾಳಿಯ ಗಂಧಕಾಂಶದೊಡನೆ ಕೂಡಿ ಬೆಳ್ಳಿಯ ಸಲ್ಫೈಡ್ ಆಗುವುದರಿಂದ. ಇದೇ ಕ್ರಿಯೆ ಕೆರೆಯ ಕಪ್ಪು ಕೆಸರಿನಲ್ಲಿಯೂ ನಡೆಯುತ್ತದೆ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಕಣ ಬರುವ ದಾರಿ

ನ್ಯಾನೋ ಲೋಹಗಳನ್ನು ಮನುಷ್ಯನು ಕೇಡಿಗಾಗಿ ಸೃಷ್ಟಿಸಿದನೆಂದು ಹೇಳಲಾಗದು. ೨೦೦೯ರಲ್ಲಿ ನಮ್ಮ ದೇಶದಲ್ಲಿ ಬತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಸೇರಿಸಿ, ವಿದ್ಯುತ್ತಿಲ್ಲದೆ ಕುಡಿಯುವ ನೀರಿನ ರೋಗಾಣುಗಳನ್ನು ನಾಶಮಾಡುವ ಅಗ್ಗದ ಶೋಧಕವು ಮಾರುಕಟ್ಟೆಗೆ ಬಂದಿತು. ಬೆವರಿನ ದುರ್ವಾಸನೆ ತಡೆಯುವ ಉಡುಪು, ಗಾಯದ ಪಟ್ಟಿ, ಗೋಡೆಯ ಬಣ್ಣ, ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪನ, ದೋಣಿಯ ತಳದ ಬಣ್ಣ ಇವುಗಳಲ್ಲೆಲ್ಲ ಬೆಳ್ಳಿ, ಸತು, ಟೈಟಾನಿಯಂ, ತಾಮ್ರಗಳ ಅತಿಸೂಕ್ಷ್ಮ ಕಣಗಳು ಬಳಕೆಯಾಗುತ್ತಿವೆ. ೨೦೨೪ರಲ್ಲಿ ಕೇಂದ್ರ ಸರ್ಕಾರವು ದ್ರವರೂಪದ ನ್ಯಾನೋ ಸತು ಮತ್ತು ನ್ಯಾನೋ ತಾಮ್ರದ ಗೊಬ್ಬರಗಳಿಗೂ ಅನುಮತಿ ನೀಡಿತು. ಸತುವಿನ ಕೊರತೆಯಿರುವ ಭೂಮಿಗೆ ಇದರಿಂದ ಉಪಕಾರವಾಗಬಹುದು. ಸ್ವಲ್ಪ ಪ್ರಮಾಣದಲ್ಲಿ ಎಲೆಗೆ ನೇರವಾಗಿ ತಲುಪಿದರೆ ಮಣ್ಣಿಗೆ ಸುರಿಯುವ ರಾಸಾಯನಿಕವೂ ಉಳಿಯಬಹುದು.

ಆದರೆ ಬಳಸಿದ ವಸ್ತು ಎಲ್ಲಿಯೂ ಮಾಯವಾಗುವುದಿಲ್ಲ. ೨೦೦೮ರಲ್ಲಿ ಅಮೆರಿಕದ ಅರಿಜೋನಾದ ಸಂಶೋಧಕರು ಬೆಳ್ಳಿ ಸೇರಿಸಿದ ಕಾಲುಚೀಲಗಳನ್ನು ಬರಿಯ ನೀರಿನಲ್ಲಿ ಜಾಲಿಸಿ ನೋಡಿದರು. ಕೆಲವು ಕಾಲುಚೀಲಗಳು ನಾಲ್ಕಾರು ಒಗೆತದಲ್ಲಿಯೇ ತಮ್ಮ ಬೆಳ್ಳಿಯ ಬಹುಪಾಲನ್ನು ನೀರಿಗೆ ಬಿಟ್ಟುಕೊಟ್ಟವು. ಒಗೆದ ನೀರು ಚರಂಡಿಗೆ, ಚರಂಡಿ ಹಳ್ಳಕ್ಕೆ, ಹಳ್ಳ ಕೆರೆಗೆ ಎಂಬುದು ಎಲ್ಲ ಊರುಗಳಿಗೂ ಅನ್ವಯಿಸುವ ಮಾತು. ಹೊಲದಲ್ಲಿ ಸಿಂಪಡಿಸಿದ ದ್ರವವೂ ಎಲೆಯಿಂದ ಜಾರಿ, ಮುಂಗಾರಿನ ಮೊದಲ ಬಿರುಮಳೆಯೊಡನೆ ಅದೇ ದಾರಿ ಹಿಡಿಯಬಲ್ಲದು.

ನಮ್ಮ ಸೀಮೆಯ ನೀರಿನ ಬಂಧುತ್ವವನ್ನೂ ಗಮನಿಸಬೇಕು. ಚಿಕ್ಕಮಗಳೂರಿನ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕೂಡಿ ವೇದಾವತಿಯಾಗಿ, ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ದಾಟಿ, ಹಿರಿಯೂರು ಮತ್ತು ಚಳ್ಳಕೆರೆಯ ನೆಲವನ್ನು ಹಾದು, ಮುಂದೆ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಚಿಕ್ಕಹಗರಿಯು ರಂಗಯ್ಯನದುರ್ಗದ ಜಲಾಶಯವನ್ನು ತುಂಬಿಸುತ್ತದೆ. ವಾಣಿವಿಲಾಸ ಸಾಗರವು ೧೯೩೩ರ ತರುವಾಯ ೨೦೨೨ರಲ್ಲಿ ಕೋಡಿ ಹರಿದಾಗ ನಾಡಿಗೆ ನಾಡೇ ನೋಡಲು ಬಂದಿತ್ತು. ಹೀಗೆ ಹೊಳೆ ಹರಿದು ಕೆರೆಗಳು ತುಂಬುವ ವರ್ಷವೇ ಚಿಪ್ಪುಗಳಿಗೂ ವಲಸೆಯ ವರ್ಷ. ಮೀನಿನ ಮೈಗೆ ಅಂಟಿದ ಮರಿಗಳು ಒಂದು ನೀರಿನಿಂದ ಇನ್ನೊಂದು ನೀರಿಗೆ ಪಯಣಿಸುತ್ತವೆ. ಅದೇ ನೀರಿನೊಡನೆ ಊರಿನ ಕೊಳೆಯೂ ಪಯಣಿಸುತ್ತದೆ. ಬತ್ತುವ ಕಾಲದಲ್ಲಿಯಾದರೋ ನೀರು ಆವಿಯಾಗಿ ಹೋಗುತ್ತದೆ. ಲೋಹ ಕೆಸರಿನಲ್ಲಿಯೇ ಉಳಿಯುತ್ತದೆ.

ನೀರಿನಲ್ಲಿ ಕಣದ ಮೂರು ಗತಿಗಳು

ನೀರಿಗಿಳಿದ ಲೋಹಕಣಕ್ಕೆ ಮುಖ್ಯವಾಗಿ ಮೂರು ಗತಿಗಳುಂಟು.

ಮೊದಲನೆಯದು ಕರಗುವುದು. ಬೆಳ್ಳಿ, ತಾಮ್ರದ ಆಕ್ಸೈಡ್, ಸತುವಿನ ಆಕ್ಸೈಡ್ ಕಣಗಳು ನಿಧಾನವಾಗಿ ವಿದ್ಯುದಂಶವುಳ್ಳ ಪರಮಾಣುಗಳನ್ನು, ಅಂದರೆ ಅಯಾನುಗಳನ್ನು ನೀರಿಗೆ ಬಿಡುತ್ತವೆ. ಜೀವಿಗಳಿಗೆ ನೇರವಾಗಿ ತಾಕುವ ವಿಷ ಇದೇ.

ಎರಡನೆಯದು ಗಂಟುಗಟ್ಟುವುದು. ಕಡಲಿನ ಉಪ್ಪುನೀರಿನಲ್ಲಿಯೂ ಬಯಲುಸೀಮೆಯ ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿಯೂ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಹಾಗಾದರೆ ಅಪಾಯ ಕಳೆಯಿತೆಂದು ತೋರಬಹುದು. ಆದರೆ ಚಿಪ್ಪಿನ ದೃಷ್ಟಿಯಿಂದ ಸಂಗತಿ ತಿರುಗುಮುರುಗು. ಬಿಡಿಬಿಡಿಯಾದ ನ್ಯಾನೋ ಕಣವು ಅದರ ಕಿವಿರಿನ ಜಾಲರಿಯಿಂದ ನುಸುಳಿ ಹೋಗುವುದೇ ಹೆಚ್ಚು; ಪಾಚಿ, ಲೋಳೆ, ಮಣ್ಣಿನೊಡನೆ ಕೂಡಿ ದೊಡ್ಡದಾದ ಗಂಟನ್ನು ಅದು ಆಹಾರವೆಂದೇ ತಿಳಿದು ಹಿಡಿದು ನುಂಗುತ್ತದೆ. ಒಳಹೊಕ್ಕ ಮೇಲೆ ಜೀವಕೋಶದ ಆಮ್ಲೀಯವಾದ ಜೀರ್ಣಚೀಲದಲ್ಲಿ ಕಣವು ಕರಗಿ ಅಯಾನುಗಳನ್ನು ಬಿಡುತ್ತದೆ. ಬಾಗಿಲಲ್ಲಿ ತಡೆಯಬಹುದಾಗಿದ್ದ ವಿಷವು ಅತಿಥಿಯ ಗಂಟಿನಲ್ಲಿ ಅಡಗಿ ನಡುಮನೆಗೆ ಬಂದಂತೆ.

ಮೂರನೆಯದು ರೂಪಾಂತರ. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಬೆಳ್ಳಿಯು ಜರಿ ಕಪ್ಪಾಗುವ ರೀತಿಯಲ್ಲಿಯೇ ಸಲ್ಫೈಡ್ ಆಗುತ್ತದೆ. ಈ ಸಲ್ಫೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪವಾದ್ದರಿಂದ ವಿಷದ ತೀವ್ರತೆ ಬಹಳ ಇಳಿಯುತ್ತದೆ. ಪ್ರಕೃತಿಯು ತಾನಾಗಿ ಹಾಕಿಕೊಂಡ ಬೀಗವೆಂದು ಇದನ್ನು ಹೇಳಬಹುದು. ಆದಕಾರಣ ನ್ಯಾನೋ ಬೆಳ್ಳಿ ಸೇರಿದ ನೀರೆಲ್ಲ ವಿಷವೆಂದು ಹೆದರಿಸುವುದೂ ಅವೈಜ್ಞಾನಿಕ. ಕೆಸರು ಎಲ್ಲವನ್ನೂ ನುಂಗಿಕೊಳ್ಳುವುದೆಂದು ನಿಶ್ಚಿಂತರಾಗಿರುವುದೂ ಅವೈಜ್ಞಾನಿಕ.

ವಂಶ ನಿಲ್ಲುವ ಬಗೆ

ಇನ್ನು ಪ್ರಧಾನ ವಿಷಯಕ್ಕೆ ಬರೋಣ. ಬಲಿತ ಚಿಪ್ಪು ಗಟ್ಟಿ ಜೀವಿ. ನೀರು ಕೆಟ್ಟಾಗ ಬಾಗಿಲು ಮುಚ್ಚಿಕೊಂಡು ದಿನಗಟ್ಟಲೆ ಕಾಯಬಲ್ಲದು. ಲೋಹವನ್ನು ಹಿಡಿದು ಕಟ್ಟಿಹಾಕುವ ವಿಶೇಷ ಪ್ರೋಟೀನುಗಳೂ ಅದಕ್ಕಿವೆ. ಆದರೆ ಅದರ ವೀರ್ಯಾಣುವಿಗಾಗಲಿ ಭ್ರೂಣಕ್ಕಾಗಲಿ ಬಾಗಿಲಿಲ್ಲ. ಅವು ತೆರೆದ ನೀರಿನಲ್ಲಿ ಬೆತ್ತಲೆಯಾಗಿ ನಿಂತ ಏಕಾಂಗಿ ಜೀವಕೋಶಗಳು.

ಹಾನಿ ಮೂರು ಹಂತಗಳಲ್ಲಿ ತಟ್ಟುತ್ತದೆ. ಒಂದು, ವೀರ್ಯಾಣುವಿನ ಈಜು ಕುಂಠಿತವಾಗುತ್ತದೆ. ಅದರ ಬಾಲಕ್ಕೆ ಶಕ್ತಿಯೊದಗಿಸುವ ಮೈಟೋಕಾಂಡ್ರಿಯಾಗಳು ಲೋಹದಿಂದ ಹುಟ್ಟುವ ಉಗ್ರ ಆಮ್ಲಜನಕದ ಅಣುಗಳಿಗೆ ಸಿಲುಕಿ ಕೆಡುತ್ತವೆ; ವಂಶವಾಹಿಯ ಎಳೆಗಳೂ ತುಂಡಾಗಬಹುದು. ೨೦೧೧ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಲುಷಿತ ಅಂತರ್ಜಲವನ್ನು ಶುದ್ಧಿಗೊಳಿಸಲೆಂದೇ ಬಳಸುವ ಕಬ್ಬಿಣದ ನ್ಯಾನೋ ಕಣಗಳು ಕಡಲ ಚಿಪ್ಪಿನ ವೀರ್ಯಾಣುಗಳಿಗೆ ಹಾನಿ ಮಾಡಿದುದು ಕಂಡುಬಂದಿತು. ಕಣಗಳು ಗಂಟುಗಟ್ಟದಿರಲೆಂದು ಮೇಲೆ ಲೇಪ ಹಚ್ಚಿದಾಗ ಹಾನಿ ಇನ್ನೂ ಹೆಚ್ಚಿತು. ಕಣವಷ್ಟೇ ಅಲ್ಲ, ಅದರ ಮೇಲಿನ ಅಂಗಿಯೂ ಪರಿಣಾಮವನ್ನು ನಿರ್ಣಯಿಸುತ್ತದೆಂಬುದು ಇದರಿಂದ ತಿಳಿಯಿತು.

ಎರಡು, ತಾಯಿಯ ಮೈಯಲ್ಲಿ ಅಂಡ ಬಲಿಯುವ ಕ್ರಿಯೆ ಕೆಡುತ್ತದೆ. ವಿಷವನ್ನು ಎದುರಿಸುವುದಕ್ಕೆ ತಾಯಿ ತನ್ನ ಶಕ್ತಿಯನ್ನು ವೆಚ್ಚಮಾಡಿದಷ್ಟೂ ಅಂಡಕ್ಕೆ ತುಂಬುವ ಆಹಾರ ಕಡಿಮೆಯಾಗುತ್ತದೆ. ಬರಗಾಲದ ಮನೆಯಲ್ಲಿ ಬಿತ್ತನೆಯ ಕಾಳನ್ನೇ ಕುಟ್ಟಿ ಉಣ್ಣುವಂತೆ.

ಮೂರು, ಭ್ರೂಣದ ಬೆಳವಣಿಗೆ ವಿಕಾರವಾಗುತ್ತದೆ. ಕಡಲ ಚಿಪ್ಪುಗಳ ಭ್ರೂಣವು ಗರ್ಭ ಕಟ್ಟಿದ ಒಂದೆರಡು ದಿನಗಳಲ್ಲಿಯೇ ಅರ್ಧಚಂದ್ರದಂತಹ ಮೊದಲ ಪುಟ್ಟ ಚಿಪ್ಪನ್ನು ರಚಿಸಿಕೊಳ್ಳಬೇಕು. ಆ ಗಳಿಗೆಯಲ್ಲಿ ಲೋಹ ತಾಕಿದರೆ ಚಿಪ್ಪು ಸೊಟ್ಟಗಾಗುತ್ತದೆ ಅಥವಾ ಮೂಡುವುದೇ ಇಲ್ಲ. ಅಮೆರಿಕದ ಪೂರ್ವ ಕರಾವಳಿಯ ಸಿಂಪಿಗಳ ಮೇಲೆ ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೀಟರಿಗೆ ಎರಡು ಮೈಕ್ರೋಗ್ರಾಮಿಗಿಂತ ಕಡಿಮೆ ನ್ಯಾನೋ ಬೆಳ್ಳಿಯಿಂದಲೇ ಭ್ರೂಣಗಳು ಕೆಟ್ಟವು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ.

ಈ ಸೂಕ್ಷ್ಮತೆಯನ್ನು ನಮ್ಮ ದೇಹದೊಡನೆ ಹೋಲಿಸಿದರೆ ಅರ್ಥ ಸ್ಪಷ್ಟವಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೨ ಮಿಲಿಗ್ರಾಂ, ಎಂದರೆ ೨,೦೦೦ ಮೈಕ್ರೋಗ್ರಾಂವರೆಗಿನ ತಾಮ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಒಪ್ಪುತ್ತದೆ. ಆದರೆ ಶಾಂತಸಾಗರದ ಸಿಂಪಿಯ ಭ್ರೂಣಗಳಲ್ಲಿ ಅರ್ಧದಷ್ಟು ವಿಕಾರಗೊಳ್ಳಲು ಲೀಟರಿಗೆ ಐದಾರು ಮೈಕ್ರೋಗ್ರಾಂ ಕರಗಿದ ತಾಮ್ರ ಸಾಕೆಂದು ೧೯೮೧ರಲ್ಲಿಯೇ ಪ್ರಕಟವಾಗಿತ್ತು. ಮನುಷ್ಯನಿಗೆ ನಿರ್ಭಯವಾದ ನೀರಿಗೂ ಸಿಂಪಿಯ ಕೂಸಿಗೆ ನಿರ್ಭಯವಾದ ನೀರಿಗೂ ಮುನ್ನೂರು ಪಟ್ಟಿಗೆ ಮಿಗಿಲಾದ ಅಂತರವಿದೆ. ತಾಮ್ರದ ಬಿಂದಿಗೆಯ ನೀರನ್ನು ಆರೋಗ್ಯಕರವೆಂದು ಕುಡಿಯುವ ನಮಗೆ ಇದು ಸುಲಭವಾಗಿ ಹೊಳೆಯುವ ಮಾತಲ್ಲ. ನಾವು ಕುಡಿದು ಬದುಕಿದೆವೆಂಬುದು ಕೆರೆ ಸ್ವಸ್ಥವಾಗಿದೆ ಎಂಬುದಕ್ಕೆ ಸಾಕ್ಷಿಯಾಗಲಾರದು.

ಸಿಹಿನೀರಿನ ಕಪ್ಪೆಚಿಪ್ಪಿನ ಮರಿಗಳೂ ತಾಮ್ರಕ್ಕೆ ಹಾಗೂ ಕೊಳಚೆಯ ಅಮೋನಿಯಕ್ಕೆ ಅತಿ ಬೇಗ ಬಲಿಯಾಗುವ ಜಲಚರಗಳ ಪಂಕ್ತಿಯಲ್ಲಿವೆ. ಈ ಕಾರಣದಿಂದಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ೨೦೧೩ರಲ್ಲಿ ನದಿ ಕೆರೆಗಳ ಅಮೋನಿಯದ ಮಿತಿಯನ್ನು ಚಿಪ್ಪು ಮತ್ತು ಬಸವನಹುಳುಗಳನ್ನು ಗಣನೆಗೆ ತೆಗೆದುಕೊಂಡು ಬಿಗಿಗೊಳಿಸಿತು. ಕಾನೂನಿನ ಅಳತೆಗೋಲಾಗಿ ಒಂದು ಕಪ್ಪೆಚಿಪ್ಪನ್ನು ನಿಲ್ಲಿಸಿದುದು ಸಣ್ಣ ಸಂಗತಿಯಲ್ಲ.

ಕಡಲು ಕಲಿಸಿದ ಪಾಠ

ಪ್ರಯೋಗಶಾಲೆಯಲ್ಲಿ ಕಂಡದ್ದು ಹೊರಗಿನ ನೀರಿನಲ್ಲಿಯೂ ನಡೆಯುವುದೇ ಎಂಬ ಪ್ರಶ್ನೆ ಸಹಜ. ನ್ಯಾನೋ ಕಣಕ್ಕಿಂತ ಹಿಂದಿನ ಇನ್ನೊಂದು ಲೋಹವಿಷದ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಹಡಗಿನ ತಳಕ್ಕೆ ಪಾಚಿ, ಚಿಪ್ಪುಗಳು ಅಂಟದಿರಲೆಂದು ತವರದ ಸಾವಯವ ಸಂಯುಕ್ತವಾದ ಟ್ರೈಬ್ಯುಟೈಲ್ ಟಿನ್ ಬೆರೆಸಿದ ಬಣ್ಣವನ್ನು ಬಳಿಯುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಯಾಯಿತು. ೧೯೭೦ರಲ್ಲಿ ಇಂಗ್ಲೆಂಡಿನ ಪ್ಲಿಮತ್ ತೀರದ ಶಂಖದ ಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಮೂಡಿರುವುದು ವರದಿಯಾಯಿತು. ಅದರ ಕಾರಣ ತವರದ ಬಣ್ಣವೆಂದು ತಿಳಿಯಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಹೆಣ್ಣುಗಳು ಸಾಯಲಿಲ್ಲ. ತತ್ತಿ ಹೊರಬರುವ ದಾರಿ ಮುಚ್ಚಿಹೋಗಿ ಸಂತಾನಹೀನವಾದವು. ಲೀಟರಿಗೆ ಒಂದು ನ್ಯಾನೋಗ್ರಾಮಿನಷ್ಟು ವಿಷವೇ ಇದಕ್ಕೆ ಸಾಕಾಗುತ್ತಿತ್ತು.

ಅದೇ ಕಾಲದಲ್ಲಿ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರಿಗೆ ಸಂಕಟ ಬಂದೊದಗಿತು. ೧೯೭೦ರ ದಶಕದ ಕೊನೆಯಿಂದ ವರ್ಷದ ಮೇಲೆ ವರ್ಷ ಮರಿ ಸಿಂಪಿಗಳು ನೆಲೆಗೊಳ್ಳಲೇ ಇಲ್ಲ. ದೊಡ್ಡ ಸಿಂಪಿಗಳು ಬದುಕಿದ್ದವು, ಗರ್ಭ ಕಟ್ಟುತ್ತಿದ್ದವು. ಡಿಂಭಗಳು ಮಾತ್ರ ದಿನಗಳೊಳಗೆ ಅಳಿಯುತ್ತಿದ್ದವು. ೧೯೮೨ರಲ್ಲಿ ಫ್ರಾನ್ಸ್ ಸರ್ಕಾರ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿದ ಮೇಲೆ ಮರಿಗಳು ಮತ್ತೆ ಕಾಣಿಸಿಕೊಂಡವು. ಎಲ್ಲ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ ೨೦೦೧ರಲ್ಲಿ ರಚಿತವಾಗಿ ೨೦೦೮ರಲ್ಲಿ ಜಾರಿಗೆ ಬಂದಿತು. ಪ್ಲಿಮತ್ತಿನ ಮೊದಲ ಎಚ್ಚರಿಕೆಗೂ ಜಗತ್ತಿನ ಕಾನೂನಿಗೂ ನಡುವೆ ೩೮ ವರ್ಷಗಳು ಸಂದುಹೋದವು.

ಇದು ಪರದೇಶದ ಕಥೆಯೆಂದು ದೂರವಿಡುವಂತಿಲ್ಲ. ನಮ್ಮ ಕಾರವಾರಕ್ಕೆ ನೆರೆಯಾದ ಗೋವೆಯ ತೀರದ ಶಂಖದ ಹುಳುಗಳಲ್ಲಿಯೂ ಇದೇ ಲಿಂಗವಿಕಾರವಿರುವುದನ್ನು ಭಾರತೀಯ ವಿಜ್ಞಾನಿಗಳು ೧೯೯೯ರಲ್ಲಿ ಪ್ರಕಟಿಸಿದರು. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕಿ ಸಂಸಾರ ತೂಗಿಸುವ ಹೆಂಗಸರೂ ಗಂಡಸರೂ ಅಲ್ಲಿ ಬಹಳ ಮಂದಿ. ಆ ಅಳಿವೆಯು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶವೆಂಬ ಮಾನ್ಯತೆಯನ್ನು ಪಡೆಯಿತು. ಅವರ ಮಟ್ಟಿಗೆ ಚಿಪ್ಪಿನ ಸಂತಾನವೆಂದರೆ ಮರುದಿನದ ಅನ್ನ.

ತವರದ ಸಂಯುಕ್ತ ಬೇರೆ, ನ್ಯಾನೋ ಲೋಹಕಣ ಬೇರೆ. ಎರಡರ ಕ್ರಿಯೆಯೂ ಒಂದೇ ಅಲ್ಲ. ಪ್ರಯೋಗಗಳಲ್ಲಿ ಬಳಸಿದ ನ್ಯಾನೋ ಲೋಹದ ಪ್ರಮಾಣವು ಬಹುಮಟ್ಟಿಗೆ ಸಹಜ ನೀರಿನಲ್ಲಿ ಇರಬಹುದೆಂದು ಅಂದಾಜಾಗಿರುವುದಕ್ಕಿಂತ ಹೆಚ್ಚಿನದು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಚಳ್ಳಕೆರೆ ಮೊಳಕಾಲ್ಮೂರುಗಳ ಕೆರೆಗಳು ಈಗಾಗಲೇ ಕೆಟ್ಟಿವೆಯೆಂದು ಸಾರುವುದು ಈ ಲೇಖನದ ಅಭಿಪ್ರಾಯವಲ್ಲ. ಆರ್ಕಶೋನ್ ಕೊಲ್ಲಿ ಕಲಿಸುವ ಪಾಠ ಇಷ್ಟೇ: ಸತ್ತ ಚಿಪ್ಪುಗಳಿಗಾಗಿ ಕಾದು ಕುಳಿತವನಿಗೆ ಈ ಬಗೆಯ ವಿಷ ಎಂದೂ ಕಾಣಿಸದು. ಹುಟ್ಟದ ಮರಿಗಳನ್ನು ಎಣಿಸಲು ಕಲಿತವನಿಗೆ ಮಾತ್ರ ಕಾಣಿಸುತ್ತದೆ.

ನಮ್ಮಿಂದಾಗುವ ಕೆಲಸ

ನ್ಯಾನೋ ಕಣವನ್ನು ನೇರವಾಗಿ ಅಳೆಯಲು ಬೆಲೆಬಾಳುವ ಉಪಕರಣಗಳು ಬೇಕು. ಆದರೆ ಹುಟ್ಟದ ಮರಿಗಳನ್ನು ಎಣಿಸಲು ಬೇಕಾದುದು ಒಂದು ಅಳತೆಪಟ್ಟಿ, ಒಂದು ಹಗ್ಗ, ಒಂದು ನೋಟುಬುಕ್ಕು ಮತ್ತು ತಾಳ್ಮೆ. ಯಾವ ಗ್ರಾಮಾಂತರ ಶಾಲೆಯೂ ಇದನ್ನು ಮಾಡಬಹುದು.

ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳದಲ್ಲಿ ಹಗ್ಗದಿಂದ ಒಂದು ಮೀಟರ್ ಚೌಕವನ್ನು ಗುರುತಿಸಿ, ಅದರೊಳಗಿನ ಖಾಲಿ ಚಿಪ್ಪುಗಳನ್ನೆಲ್ಲ ಆಯ್ದು, ಒಂದೊಂದರ ಉದ್ದವನ್ನು ಬರೆದುಕೊಳ್ಳಬೇಕು. ಜೀವವಿರುವವನ್ನು ಮುಟ್ಟಬೇಕಾಗಿಲ್ಲ. ಇಂತಹ ಹತ್ತು ಚೌಕಗಳ ಲೆಕ್ಕವನ್ನು ಕೂಡಿಸಿ, ಚಿಕ್ಕವು, ನಡುವಣವು, ದೊಡ್ಡವು ಎಂದು ವಿಂಗಡಿಸಬೇಕು. ಎಲ್ಲ ಅಳತೆಯ ಚಿಪ್ಪುಗಳೂ ಇದ್ದರೆ ಅದು ಅಜ್ಜನಿಂದ ಮೊಮ್ಮಗನವರೆಗೆ ತುಂಬ ಮಂದಿಯಿರುವ ಮನೆ. ದೊಡ್ಡವು ಮಾತ್ರವೇ ಇದ್ದರೆ ಇತ್ತೀಚಿನ ವರ್ಷಗಳಲ್ಲಿ ತೊಟ್ಟಿಲು ತೂಗದ ಮನೆ. ಆ ಪುಸ್ತಕವನ್ನು ವರ್ಷವರ್ಷವೂ ಮುಂದುವರಿಸಬೇಕು.

ಇಲ್ಲಿ ಎಚ್ಚರಿಕೆ ಅವಶ್ಯ. ಮರಿಗಳಿಲ್ಲವೆಂದೊಡನೆ ಲೋಹವೇ ಕಾರಣವೆನ್ನುವಂತಿಲ್ಲ. ಬರಗಾಲ, ಹೂಳು, ಮೀನಿನ ಅಭಾವ, ಕೊಳಚೆಯ ಅಮೋನಿಯ ಇವುಗಳೂ ಕಾರಣವಾಗಬಹುದು. ಆದ್ದರಿಂದ ಒಂದೇ ಮಳೆಯಲ್ಲಿ ತುಂಬುವ ಎರಡು ಕೆರೆಗಳನ್ನು, ಊರ ಚರಂಡಿ ಸೇರುವುದೊಂದು, ಸೇರದಿರುವುದೊಂದು, ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ವ್ಯತ್ಯಾಸ ಎದ್ದು ಕಂಡಲ್ಲಿ ಕೆಸರನ್ನೂ ನೀರನ್ನೂ ಪರೀಕ್ಷೆಗೆ ಕಳುಹಿಸುವುದಕ್ಕೆ ಬಲವಾದ ಕಾರಣ ದೊರೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತ ಬಂದಿದೆ. ಅಂತಹ ತರಬೇತಿ ಪಡೆದ ಅಧ್ಯಾಪಕರು ಈ ಕಾರ್ಯದಲ್ಲಿ ಮುಂದಾಳುಗಳಾಗಬಹುದು.

ರೈತಬಂಧುಗಳಲ್ಲಿಯೂ ಗೃಹಿಣಿಯರಲ್ಲಿಯೂ ಎರಡು ಬಿನ್ನಹಗಳಿವೆ. ಗೊಬ್ಬರ ಔಷಧಿಗಳನ್ನು ಸಿಂಪಡಿಸಿದ ಡಬ್ಬಿಯನ್ನು ಕೆರೆಯಲ್ಲಾಗಲಿ ಹಳ್ಳದಲ್ಲಾಗಲಿ ತೊಳೆಯದೆ ಹೊಲದ ಬದುವಿನೊಳಗೆ ತೊಳೆಯುವುದು ಲೇಸು. ಮಳೆಯ ಮೋಡ ಕವಿದಿರುವಾಗ ಸಿಂಪಡಿಸದಿರುವುದು ಹಣಕ್ಕೂ ಕೆರೆಗೂ ಉಳಿತಾಯ. ಬೆಳ್ಳಿಯ ಕಣ ಸೇರಿಸಿದೆಯೆಂಬ ಜಾಹೀರಾತನ್ನು ನೋಡಿ ಬಟ್ಟೆಬರೆ ಕೊಳ್ಳುವ ಮುನ್ನ ಅದರ ಅಗತ್ಯವಿದೆಯೇ ಎಂದು ಒಂದು ಕ್ಷಣ ಯೋಚಿಸುವುದು ಎರಡನೆಯದು. ರೋಗಿಯ ಗಾಯಕ್ಕೆ, ಕುಡಿಯುವ ನೀರಿಗೆ ಬೇಕಾದ ಬೆಳ್ಳಿಯನ್ನು ಕಾಲುಚೀಲದ ವಾಸನೆಗಾಗಿ ಕೆರೆಗೆ ಸುರಿಯಬೇಕಾಗಿಲ್ಲ.

ಕೆರೆಯನ್ನು ಕಟ್ಟಿಸಿದವರು ಅದರ ಏರಿಯ ಮೇಲೆ ಮರ ನೆಟ್ಟರು, ತೂಬಿಗೆ ಕಲ್ಲಿಟ್ಟರು, ಮೊಮ್ಮಕ್ಕಳ ಕಾಲಕ್ಕೂ ನೀರು ನಿಲ್ಲಲೆಂದು ಹಾರೈಸಿದರು. ಆ ಹಾರೈಕೆ ಫಲಿಸಿದೆಯೇ ಎಂಬುದನ್ನು ನೀರಿನ ಮಟ್ಟವೊಂದೇ ಹೇಳಲಾರದು. ಬೇಸಿಗೆಯ ಕೆಸರಿನಲ್ಲಿ ಉಗುರಿನಷ್ಟು ಅಗಲದ ಒಂದು ಎಳೆಯ ಚಿಪ್ಪು ಸಿಕ್ಕಿದರೆ, ಕಳೆದ ಮಳೆಗಾಲದಲ್ಲಿ ಆ ನೀರು ವೀರ್ಯಾಣುವಿಗೂ ಭ್ರೂಣಕ್ಕೂ ಮೀನಿಗೂ ಯೋಗ್ಯವಾಗಿತ್ತೆಂದು ಅದು ಮೌನವಾಗಿ ನುಡಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಆ ಎಳೆಯ ಚಿಪ್ಪುಗಳ ಲೆಕ್ಕವನ್ನು ಈ ಬೇಸಿಗೆಯಿಂದಲೇ ಬರೆಯಲು ಆರಂಭಿಸಲಿ.